ಅಂಗಡಿ ನೂರಾರು, ದಫ್ತರ ಒಂದೇ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ನಮ್ಮ ದೊಡ್ಡಪ್ಪನ ಮಗ ಮೊನ್ನೆ ಮೊಬೈಲ್ ತೋರಿಸಿದ. ಅವನ ಡಾಟ್ ಕಾಮ್ ಹೆಸರಿನ ನವೀಕರಣದ ಬಿಲ್ಲು, ಹೋದ ಸಲಕ್ಕಿಂತ ಜಾಸ್ತಿ. “ಬ್ಯಾರೆ ಕಂಪನಿಗೆ ಹೋದ್ರ ಕಡಿಮಿ ಆಗ್ತೈತೇನೋ ತಮ್ಮಾ?”

ಸ್ವಲ್ಪ ಆಗಬಹುದು, ಅಷ್ಟೇ. ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಪತ್ರ ಬರೆಯುವವರು ಎಷ್ಟೋ ಜನ. ಅವರ ಕೂಲಿಯಲ್ಲಿ ಚೌಕಾಸಿ ನಡೆಯುತ್ತದೆ, ಒಳಗಿನ ನೋಂದಣಿ ಶುಲ್ಕದಲ್ಲಿ ನಡೆಯುವುದಿಲ್ಲ. ಅಂತರ್ಜಾಲದಲ್ಲಿ ಹೆಸರು ಮಾರುವ ಕಂಪನಿಗಳು ಹೊರಗೆ ಕೂತವರಂತೆ. ಒಳಗಿನ ದಫ್ತರ ಇಟ್ಟುಕೊಂಡಿರುವುದು ರಿಜಿಸ್ಟ್ರಿ. ಒಂದೇ ಹೆಸರಿಗೆ ಇಬ್ಬರು ವಾರಸುದಾರರು ಆಗಬಾರದಲ್ಲ, ಹಾಗಾಗಿ ದಫ್ತರ ಒಂದೇ ಇರಬೇಕು.

15 ಕೋಟಿಗೂ ಹೆಚ್ಚು ಹೆಸರುಗಳಿರುವ ಡಾಟ್ ಕಾಮ್ ದಫ್ತರ ಅಮೆರಿಕದ ವೆರಿಸೈನ್ ಕಂಪನಿಯ ಕೈಯಲ್ಲಿದೆ. 1995ರಲ್ಲಿ ದಫ್ತರ, ಮಾರಾಟ ಎರಡೂ ನೆಟ್‌ವರ್ಕ್ ಸೊಲ್ಯೂಷನ್ಸ್ ಒಂದರದೇ. ಒಂದು ಹೆಸರಿಗೆ ಎರಡು ವರ್ಷಕ್ಕೆ 100 ಡಾಲರ್ ವಸೂಲಿ. 1999ರಲ್ಲಿ ಮಾರಾಟಕ್ಕೆ ಪೈಪೋಟಿ ಬಂತು, ದಫ್ತರಕ್ಕೆ ಬರಲಿಲ್ಲ. ಮರುವರ್ಷ ವೆರಿಸೈನ್ ಆ ಕಂಪನಿಯನ್ನೇ ಕೊಂಡುಕೊಂಡಿತು.

ದಫ್ತರ ಹಿಡಿದವರ ಕೈ ಎಷ್ಟು ಉದ್ದ ಎಂಬುದು 2003ರ ಸೆಪ್ಟೆಂಬರ್‌ನಲ್ಲಿ ಕಂಡಿತು. ಯಾರೂ ನೋಂದಾಯಿಸದ ಡಾಟ್ ಕಾಮ್ ಹೆಸರನ್ನು ತಪ್ಪಿ ಟೈಪಿಸಿದರೆ ‘ಇಲ್ಲ’ ಎಂಬ ಉತ್ತರ ಬರಬೇಕು. ವೆರಿಸೈನ್ ಅದರ ಬದಲು ಜನರನ್ನು ತನ್ನದೇ ಪುಟಕ್ಕೆ ಕಳಿಸತೊಡಗಿತು. ಆ ‘ಇಲ್ಲ’ವನ್ನೇ ನಂಬಿದ್ದ ಸ್ಪ್ಯಾಮ್ ತಡೆಯುವ ತಂತ್ರಾಂಶಗಳು ಎಡವಿದವು. ಹೆಸರುಗಳ ಮೇಲ್ವಿಚಾರಣೆ ಮಾಡುವ ಐಕ್ಯಾನ್ ಪಟ್ಟು ಹಿಡಿದ ಮೇಲೆ ಅಕ್ಟೋಬರ್‌ನಲ್ಲಿ ಅದು ನಿಂತಿತು.

ಇನ್ನು ದರ. ಮಾರುವ ಕಂಪನಿಗಳು ಒಂದು ಹೆಸರಿಗೆ ವರ್ಷಕ್ಕೆ ವೆರಿಸೈನ್‌ಗೆ ಕೊಡುವುದು ಸಗಟು ಬೆಲೆ. 2012ರಿಂದ 7.85 ಡಾಲರ್‌ಗೆ ಕಟ್ಟಿಹಾಕಿದ್ದ ಅದು, 2021ರಿಂದ ವರ್ಷಕ್ಕೆ ಶೇ 7ರಂತೆ ನಾಲ್ಕು ಸಲ ಏರಿ 2024ರಲ್ಲಿ 10.26 ಆಯಿತು. ದಫ್ತರ ನಡೆಸುವ ಗುತ್ತಿಗೆಗೆ ಮರುಹರಾಜಿಲ್ಲ, ಗಂಭೀರ ತಪ್ಪು ನಡೆಯದಿದ್ದರೆ ಮತ್ತೆ ಅದೇ ಕಂಪನಿಗೆ. ಇದು ನನಗೆ ಸರಿ ಕಾಣುವುದಿಲ್ಲ. ನಮ್ಮ ಡಾಟ್ ಇನ್ ವ್ಯವಸ್ಥೆಯನ್ನೇ ನೋಡಿ: ದಫ್ತರದ ಯಜಮಾನಿಕೆ ನಿಕ್ಸಿ ಸಂಸ್ಥೆಯದು, ತಾಂತ್ರಿಕ ಕೆಲಸ ಮಾತ್ರ ಟೆಂಡರಿಗೆ. ಅಫಿಲಿಯಾಸ್ ಕಂಪನಿ ಮಾಡುತ್ತಿದ್ದ ಆ ಕೆಲಸ 2019ರಲ್ಲಿ ನ್ಯೂಸ್ಟಾರ್ ಕಂಪನಿಗೆ ಹೋಯಿತು. ಹೆಸರುಗಳೆಲ್ಲ ಇದ್ದಲ್ಲೇ ಇದ್ದವು.

“ಹಂಗಾದ್ರ ಡಾಟ್ ಇನ್‌ಗೆ ಹೋಗಿಬಿಡ್ಲೇನು?” ಎಂದವನೇ ಅಣ್ಣ ಪಕ್ಕದ ಚೀಲಕ್ಕೆ ಕೈಹಾಕಿದ. ಪ್ಯಾಂಟಿನ ಸೊಂಟಪಟ್ಟಿಗೆ ಹೊಲಿಯುವ ಲೇಬಲ್ಲುಗಳು, ಪ್ರತಿಯೊಂದರ ಮೇಲೂ ಡಾಟ್ ಕಾಮ್ ಹೆಸರು. ಮಾರಿಹೋದ ಪ್ಯಾಂಟುಗಳ ಮೇಲೂ ಅದೇ. ಅವನನ್ನು ಕಟ್ಟಿಹಾಕಿರುವುದು ಆ ಲೇಬಲ್ಲು.

ದರ ಏರಿಸಲು ಆರು ತಿಂಗಳ ಮುಂಚೆ ತಿಳಿಸಬೇಕು, ಹಳೇ ದರದಲ್ಲಿ 10 ವರ್ಷದವರೆಗೂ ನವೀಕರಿಸಬಹುದು ಎಂದು ಹೇಳಿದೆ. ಐದು ವರ್ಷಕ್ಕೆ ಕಟ್ಟಿದ.