ಬಿಸಿಲು ಜಾಸ್ತಿ ಬಿದ್ದ ವರ್ಷವೇ ಒಳ್ಳೆಯ ವರ್ಷ ಅಲ್ಲ

ಫ್ರಾನ್ಸಿನ ಬರ್ಗಂಡಿ ಪ್ರದೇಶದ ಬಿಳಿ ವೈನ್ ಕೇಳಿಕೊಂಡು ಬರುವವರಲ್ಲಿ ಬಹಳ ಜನ, ಯಾವ ವರ್ಷ ಕೊಯ್ದ ದ್ರಾಕ್ಷಿಯ ವೈನಿಗೆ ಎಷ್ಟು ಅಂಕ ಅನ್ನುವ ಪಟ್ಟಿಯನ್ನು ಮೊಬೈಲ್‌ನಲ್ಲಿ ತೆರೆದಿಟ್ಟುಕೊಂಡೇ ಬರುತ್ತಾರೆ. 2015ಕ್ಕೆ ಭಾರೀ ಅಂಕ ಇದೆ, ಅದನ್ನೇ ಕೊಡಿ ಅಂತಾರೆ. ಸ್ವಾಮೀ, ನೀವು ನೋಡುತ್ತಿರುವುದು ಕೆಂಪು ವೈನಿನ ಅಂಕ ಅಂತ ಹೇಳಿ ಹೇಳಿ ಸಾಕಾಗಿದೆ. ಬಾಟಲಿ ಅಗ್ಗದ್ದಲ್ಲ, ಅದಕ್ಕೇ ಮತ್ತೆ ಹೇಳುತ್ತಿದ್ದೇನೆ.

ಕೆಂಪು ವೈನಿನ ದ್ರಾಕ್ಷಿ ಪಿನೋ ನ್ವಾರ್‌ಗೆ ಸಿಪ್ಪೆ ಚೆನ್ನಾಗಿ ಹಣ್ಣಾಗಬೇಕು, ಬಿಸಿಲು ಬೇಕು. ಬಿಳಿ ವೈನಿನ ದ್ರಾಕ್ಷಿ ಶಾರ್ಡನೇಗೂ ಬಿಸಿಲು ಬೇಕು, ಆದರೆ ಅದರ ಜೀವ ಇರುವುದು ಹುಳಿಯಲ್ಲಿ. ಮಾವಿನಕಾಯಿ ಹಣ್ಣಾಗುವಾಗ ಹುಳಿ ಇಳಿದು ಸಿಹಿ ಏರುತ್ತದಲ್ವಾ, ದ್ರಾಕ್ಷಿಯಲ್ಲೂ ಹಾಗೆಯೇ. ಅದರಲ್ಲಿರುವ ಟಾರ್ಟಾರಿಕ್ ಹುಳಿ ಸುಲಭಕ್ಕೆ ಕಡಿಮೆಯಾಗುವುದಿಲ್ಲ. ಮ್ಯಾಲಿಕ್ ಹುಳಿ ಹಾಗಲ್ಲ. ಹಣ್ಣು ಉಸಿರಾಡುವಾಗ ಅದನ್ನೇ ಖರ್ಚು ಮಾಡುತ್ತದೆ, ಸೆಕೆ ಏರಿದಷ್ಟೂ ಬೇಗ ಖರ್ಚಾಗುತ್ತದೆ. ಹಗಲು ಬಿಸಿಲಿದ್ದು ರಾತ್ರಿ ತಂಪಾದರೆ ಒಂದಿಷ್ಟು ಉಳಿಯುತ್ತದೆ. ರಾತ್ರಿಯೂ ಬೆಚ್ಚಗಿದ್ದರೆ ಸಕ್ಕರೆ ಏರುತ್ತಾ ಹೋಗುತ್ತದೆ, ಹುಳಿ ಕರಗುತ್ತಾ ಹೋಗುತ್ತದೆ.

2003ರಲ್ಲಿ ಆದದ್ದು ಇದೇ. ಆ ಬಿಸಿಗಾಳಿಯ ವರ್ಷ ಕೊಯ್ಲು ಆಗಸ್ಟ್‌ನಲ್ಲೇ ಶುರುವಾಯಿತು. ವೈನಿಗೆ ಹೊರಗಿನಿಂದ ಹುಳಿ ಸೇರಿಸಲು ವಿಶೇಷ ಅನುಮತಿ ಕೊಡಬೇಕಾಯಿತು.

2014 ಇದಕ್ಕೆ ಉಲ್ಟಾ. ಜೂನ್ ಕೊನೆಯಲ್ಲಿ ಬರ್ಗಂಡಿಯ ಬೋನ್ ಪಟ್ಟಣದ ಸುತ್ತಮುತ್ತ ಆಲಿಕಲ್ಲು ಮಳೆ ಹೊಡೆಯಿತು, ಆಗಸ್ಟ್ ತಂಪಾಗಿಯೇ ಕಳೆಯಿತು, ಇನ್ನೇನು ಕೈಬಿಟ್ಟಿತು ಅನ್ನುವಾಗ ಸೆಪ್ಟೆಂಬರ್‌ನಲ್ಲಿ ಒಣ ಬಿಸಿಲು ಬಂದು ಬೆಳೆ ಉಳಿಸಿತು. ಬಿಳಿ ವೈನಿಗೆ ಅದು ಬಹಳ ಒಳ್ಳೆಯ ವರ್ಷ.

ಹಿರಿಯರೊಬ್ಬರು 2015ರ ಮರ್ಸೋನೇ (ಬರ್ಗಂಡಿಯ ಮರ್ಸೋ ಊರಿನ ಬಿಳಿ ವೈನ್) ಬೇಕು ಅಂತ ಹಟ ಹಿಡಿದಿದ್ದರು. ಒಬ್ಬನೇ ತಯಾರಕನ 2014, 2015 ಎರಡೂ ವರ್ಷದ ವೈನನ್ನು ಅಕ್ಕಪಕ್ಕ ಸುರಿದುಕೊಟ್ಟೆ, ಜೊತೆಗೆ ಅಂಜಲ್ ಫ್ರೈ. 2015 ಬಂಗಾರದ ಬಣ್ಣ, ಬೆಣ್ಣೆ, ಮಾಗಿದ ಪೀಚ್ ಹಣ್ಣಿನ ವಾಸನೆ. ಮೊದಲ ಗುಟುಕಿಗೆ ಆಹಾ ಅಂದರು. 2014 ಬಿಗಿಯಾಗಿತ್ತು, ನಿಂಬೆ ಸಿಪ್ಪೆಯ ವಾಸನೆ ಬಿಟ್ಟರೆ ಏನೂ ಇಲ್ಲ. ಹತ್ತು ನಿಮಿಷ ಹೋಗಲಿ, ತಣುಪು ಸ್ವಲ್ಪ ಇಳಿಯಲಿ ಅಂದೆ. ಆಮೇಲೆ ನೋಡಿದರೆ 2015ರ ಗ್ಲಾಸು ಅರ್ಧಕ್ಕೇ ನಿಂತಿತ್ತು, 2014 ಖಾಲಿ. "ಇದು ಇನ್ನೊಂದು ಗುಟುಕು ಕೇಳುತ್ತೆ ಕಣ್ರೀ" ಅಂದರು. ಇಂಥವರು ಸಿಕ್ಕಿದರೆ ನನಗೆ ದಿನವಿಡೀ ಖುಷಿ.

ಹಾಗಂತ ಸೆಕೆಯ ವರ್ಷ ಎಲ್ಲವೂ ದಂಡ ಅಂತ ಬರೆದುಕೊಳ್ಳಬೇಡಿ. 2020 ಕೂಡ ಬಿಸಿಲು, ಬರ, ಆಗಸ್ಟ್ ಕೊಯ್ಲು. ಆದರೂ ಬಿಳಿ ವೈನ್‌ಗಳು ತಾಜಾ ಆಗಿವೆ. 2015ರಲ್ಲೂ ಬೇಗ ಕೊಯ್ದವರ ವೈನಿನಲ್ಲಿ ಹುಳಿ ಚೆನ್ನಾಗಿಯೇ ಇದೆ. ಯಾರು, ಯಾವಾಗ ಕೊಯ್ದರು ಅನ್ನುವುದು ವರ್ಷದಷ್ಟೇ ಮುಖ್ಯ, ಕೆಲವು ಸಲ ಅದಕ್ಕಿಂತ ಜಾಸ್ತಿ.

2021ರ ಏಪ್ರಿಲ್ ಹಿಮದ ಕಥೆ ಬೇರೆ. ಶಾರ್ಡನೇ ಪಿನೋಗಿಂತ ಬೇಗ ಚಿಗುರುತ್ತದೆ, ಹಾಗಾಗಿ ಹೊಡೆತ ಅದಕ್ಕೇ ಜೋರು. ಬೆಳೆ ಕಡಿಮೆಯಾಯಿತು, ಬೆಲೆ ಏರಿತು. ಅದರಿಂದ ವೈನ್ ಕೆಟ್ಟಿತು ಅಂತಲ್ಲ.

ಅಂಕಪಟ್ಟಿ ನೋಡಲೇಬೇಕಿದ್ದರೆ ಬಿಳಿಗೆ ಬೇರೆ ಅಂಕ ಇರುವುದನ್ನು ನೋಡಿ. 2015ರ ಸಾಧಾರಣ ಬಾಟಲಿ ಮನೆಯಲ್ಲಿದ್ದರೆ ಇನ್ನೂ ಕಾಯಬೇಡಿ, ಈ ವಾರವೇ ತೆಗೆಯಿರಿ.