ಬಣ್ಣ ನಾಳೆಯದು, ಸಂಖ್ಯೆ ನಿನ್ನೆಯದು

ಡಿಸೆಂಬರಿನ ಒಂದು ಬೆಳಿಗ್ಗೆ ಚನ್ನಗಿರಿ ಕಡೆಯ ರೈತರೊಬ್ಬರು ಫೋನ್ ಮಾಡಿದರು. "ಸರ್, ಹಳದಿ ಬಂದಿದೆಯಂತೆ. ಅಂಗಳದ ತುಂಬ ಅಡಿಕೆ ಹರಡಿದ್ದೇನೆ. ಎತ್ತಿಡಲೋ ಬೇಡವೋ?" ನನಗೆ ಗಾಬರಿ. ಮುನ್ಸೂಚನೆಯನ್ನು ಕೆರೆಯಂಚಿನ ಊರುಗಳಿಗೆ ತಿಳಿಗನ್ನಡದಲ್ಲಿ ಬರೆದು ಕಳುಹಿಸುವುದೇ ನನ್ನ ಕೆಲಸ. ಆ ದಿನ ಮಳೆಯ ಮಾತನ್ನೇ ನಾನು ಬರೆದಿರಲಿಲ್ಲ. ಕೆದಕಿ ಕೇಳಿದಾಗ ತಿಳಿಯಿತು: ಅವರ ಮಗ ಮೊಬೈಲಿನಲ್ಲಿ ತೋರಿಸಿದ ಹಳದಿ ಮಳೆಯದಲ್ಲ, ದಾವಣಗೆರೆಯ ಗಾಳಿಯ ಗುಣಮಟ್ಟದ್ದು. ಅಡಿಕೆ ಅಲ್ಲೇ ಇರಲಿ ಎಂದೆ. ಅವರು ಮಾತಿನ ಮಧ್ಯೆ ಮೂರು ಸಲ ಕೆಮ್ಮಿದ್ದು, ಹತ್ತು ವರ್ಷದಿಂದ ಉಬ್ಬಸ ಇದೆ ಎಂದದ್ದು ಫೋನ್ ಇಟ್ಟ ಮೇಲೆ ತಲೆಗೆ ಹೊಳೆಯಿತು. ಆ ಹಳದಿ ಅಡಿಕೆಗಲ್ಲ, ಅವರಿಗೇ ಬಂದಿತ್ತು.

ತಪ್ಪು ಅವರದಲ್ಲ. ಹವಾಮಾನ ಇಲಾಖೆಯ ಎಚ್ಚರಿಕೆಗೆ ನಾಲ್ಕು ಬಣ್ಣ: ಹಸಿರು ಎಂದರೆ ನಿಶ್ಚಿಂತೆ, ಹಳದಿ ಎಂದರೆ ಆಕಾಶದ ಮೇಲೆ ಒಂದು ಕಣ್ಣಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮಕ್ಕೆ ಇಳಿಯಿರಿ. 2015ರಲ್ಲಿ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕಕ್ಕೆ ಆರು ಮೆಟ್ಟಿಲು. ಅಲ್ಲಿ ಹಳದಿ ಎಂದರೆ 101ರಿಂದ 200. ಉಬ್ಬಸದವರಿಗೆ, ಹೃದ್ರೋಗಿಗಳಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಆಗಲೇ ತೊಂದರೆ ಶುರುವಾಗಬಹುದಾದ ಮಟ್ಟ. ಒಂದೇ ಬಣ್ಣ, ಎರಡು ಭಾಷೆ. ಅದಕ್ಕಿಂತ ದೊಡ್ಡ ತೊಡಕು ಹೊತ್ತಿನದು. ಮಳೆಯ ಬಣ್ಣ ಮುಂದೆ ಆಗಬಹುದಾದದ್ದನ್ನು ಹೇಳುತ್ತದೆ. ಗಾಳಿಯ ಸಂಖ್ಯೆ ಹಿಂದಿನ 24 ಗಂಟೆಯ ಸರಾಸರಿ, ಅಂದರೆ ನೀವು ಆಗಲೇ ಉಸಿರಾಡಿ ಮುಗಿಸಿದ ಗಾಳಿಯ ಲೆಕ್ಕ. ಕೆರೆಯ ದಡದಲ್ಲಿರುವವರು ಇದನ್ನು ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು, ಏಕೆಂದರೆ ಕೆರೆ ಈ ಎರಡನ್ನೂ ತನ್ನ ಇಷ್ಟದಂತೆ ತಿದ್ದುತ್ತದೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನೇ ನೋಡಿ. ಕಾಗದದಲ್ಲಿ ಅದು ಶಾಂತಿಸಾಗರ. ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂದು ನಮ್ಮವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ ಜಾಣತನಕ್ಕೆ ಶತಮಾನಗಳೇ ಸಂದಿವೆ. ಸುತ್ತ ಗುಡ್ಡ, ನಡುವೆ ಬಯಲು ನೀರು. ಗಾಳಿಗೆ ಅಡ್ಡ ನಿಲ್ಲಲು ನೀರಿನ ಮೇಲೆ ಒಂದು ಗಿಡವೂ ಇಲ್ಲ.

ಏಪ್ರಿಲ್ ಮಧ್ಯದ ಅಶ್ವಿನಿಯಿಂದ ಮೇ ತಿಂಗಳ ಕೃತ್ತಿಕಾ ಮಳೆಯವರೆಗೆ ಇಲ್ಲಿಯ ಅಪಾಯವೆಲ್ಲ ಮಧ್ಯಾಹ್ನ ಮೂರರ ಮೇಲೆ. ಭರಣಿ ಮಳೆಗೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಬೆಳೆಗೆ ಸರಿ, ತೆಪ್ಪದಲ್ಲಿ ಕುಳಿತವನಿಗೆ ಅಲ್ಲ. ಒಮ್ಮೆ ಏರಿಯ ಮೇಲೆ ನಿಂತಿದ್ದೆ. ಗುಡ್ಡದ ಹಿಂದೆ ಕಾರ್ಮೋಡ, ಕೆರೆಯ ನೀರು ಮಾತ್ರ ಕನ್ನಡಿಯಂತೆ ಸ್ತಬ್ಧ. ಮಳೆ ಇನ್ನೂ ದೂರವಿದೆ ಎಂದುಕೊಳ್ಳುವಷ್ಟರಲ್ಲಿ ತಣ್ಣನೆಯ ಗಾಳಿ ಮುಖಕ್ಕೆ ತಾಗಿತು. ಆಚೆ ದಡದಿಂದ ನೀರಿನ ಮೇಲೆ ಒಂದು ಕಪ್ಪು ಗೆರೆ ಓಡುತ್ತಾ ಬಂತು. ಅದು ತಲುಪಿದ ಮೇಲೆ ಅಲೆಗಳು ಏರಿಯ ಕಲ್ಲಿಗೆ ಬಡಿಯಲು ಐದು ನಿಮಿಷವೂ ಬೇಕಾಗಲಿಲ್ಲ. ಮೀನು ಹಿಡಿಯುವ ಅಜ್ಜ ಅಷ್ಟರಲ್ಲಿ ತೆಪ್ಪವನ್ನು ದಡಕ್ಕೆ ಎಳೆದಾಗಿತ್ತು. "ಮಣ್ಣಿನ ವಾಸನೆ ಬಂದ ಮೇಲೆ ಬಲೆ ನೋಡುತ್ತಾ ಕೂರಬಾರದು ಸ್ವಾಮಿ" ಎಂದರು.

ಅಜ್ಜನ ಮಾತಿಗೆ ವಿಜ್ಞಾನದ ಬೆಂಬಲ ಪೂರ್ತಿ ಇದೆ. ಮೋಡದಿಂದ ಬೀಳುವ ಹನಿಗಳಲ್ಲಿ ಕೆಲವು ದಾರಿಯಲ್ಲೇ ಆವಿಯಾಗಿ ಸುತ್ತಲಿನ ಗಾಳಿಯನ್ನು ತಣ್ಣಗೆ ಮಾಡುತ್ತವೆ. ತಣ್ಣನೆಯ ಗಾಳಿ ಭಾರ. ಅದು ಕೆಳಕ್ಕೆ ಕುಸಿದು, ನೆಲ ಮುಟ್ಟಿ, ಚೆಲ್ಲಿದ ನೀರಿನಂತೆ ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ. ಎಲ್ಲೋ ಮಳೆ ಬಿದ್ದ ನೆಲದ ವಾಸನೆಯನ್ನು ಹೊತ್ತು ಮಳೆಗಿಂತ ಮುಂಚೆ ಬರುವುದು ಇದೇ ಗಾಳಿ. ಮಳೆಯ ಹನಿ ಬಿದ್ದ ಮೇಲೆ ಹೊರಡೋಣ ಎಂದು ಕಾಯುವವರು ಗಾಳಿಯ ಕೈಗೆ ಸಿಗುತ್ತಾರೆ.

ಸಿಡಿಲಿನ ಲೆಕ್ಕ ಇನ್ನೂ ಸರಳ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮಿಂದ 10 ಕಿಲೋಮೀಟರ್ ಒಳಗಿದೆ, ಮುಂದಿನದು ನಿಮ್ಮ ಮೇಲೇ ಬೀಳಬಹುದು. ನೀರಿನ ನಡುವೆ ಎಲ್ಲಕ್ಕಿಂತ ಎತ್ತರದ ವಸ್ತು ತೆಪ್ಪದಲ್ಲಿರುವ ಮನುಷ್ಯನ ತಲೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಗಟ್ಟಿ ಸೂರಿನಡಿ ಇರಬೇಕು, ಮರದ ಕೆಳಗಲ್ಲ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯ 'ದಾಮಿನಿ' ಆ್ಯಪ್ ನೀವಿರುವ ಜಾಗದ ಸುತ್ತ 20 ಮತ್ತು 40 ಕಿಲೋಮೀಟರಿನ ವೃತ್ತದಲ್ಲಿ ಬಿದ್ದ ಸಿಡಿಲನ್ನು ತೋರಿಸುತ್ತದೆ. ಇಟ್ಟುಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆ ಎಣಿಕೆಯೇ ಗತಿ.

ನಮ್ಮ ಬರವಣಿಗೆಯ ಒಂದು ದೋಷವನ್ನೂ ಒಪ್ಪಿಕೊಳ್ಳುತ್ತೇನೆ. 'ಒಂದೆರಡು ಕಡೆ ಗುಡುಗು ಸಹಿತ ಮಳೆ' ಎಂದು ಬರೆದರೆ ಓದಿದವರು ಅದನ್ನು 'ನಮ್ಮ ಕಡೆ ಅಲ್ಲ' ಎಂದು ಓದಿಕೊಳ್ಳುತ್ತಾರೆ. ಆ ಪದದ ನಿಜವಾದ ಅರ್ಥ, ಜಿಲ್ಲೆಯ ಮಳೆಮಾಪಕಗಳಲ್ಲಿ ಕಾಲು ಭಾಗದವರೆಗೆ ಮಳೆ ಬೀಳಬಹುದು ಎಂದು. ಅದು ಮಳೆ ಎಷ್ಟು ಹರಡೀತು ಎಂಬ ಲೆಕ್ಕವೇ ಹೊರತು ಎಷ್ಟು ಜೋರು ಎಂಬುದಲ್ಲ. ಜೋರಿಗೆ ಬೇರೆ ಅಳತೆ: 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ 'ಭಾರಿ', 115.6 ಮುಟ್ಟಿದರೆ 'ಅತಿ ಭಾರಿ'. 64.5 ಮಿಲಿಮೀಟರ್ ಎಂದರೆ ಒಂದು ಎಕರೆಗೆ ಸುಮಾರು 2.6 ಲಕ್ಷ ಲೀಟರ್ ನೀರು. ಹೀಗೆ ಹೇಳಿದರೆ ರೈತರು ತಲೆಯಾಡಿಸುತ್ತಾರೆ. ಮಿಲಿಮೀಟರ್ ಎಂದರೆ ಆಕಳಿಸುತ್ತಾರೆ.

ಇನ್ನು ಹಿರಿಯೂರಿನ ಕಡೆಯವರಿಗೆ ಒಂದು ಮಾತು. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, ಆಮೇಲೆ 2025ರಲ್ಲಿ. ಎರಡು ತಲೆಮಾರು ಕೋಡಿಯನ್ನೇ ಕಂಡಿರಲಿಲ್ಲ, ಹೀಗಾಗಿ ಜನ ಅದನ್ನು ಜಾತ್ರೆಯಂತೆ ನೋಡಲು ಬಂದರು. ನೆನಪಿಡಬೇಕಾದದ್ದು ಇಷ್ಟೇ: ವೇದಾವತಿ ಹುಟ್ಟುವುದು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ. ಹಿರಿಯೂರಿನ ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲದ ದಿನವೂ ನದಿ ಏರಬಹುದು. ಜಲಾಶಯ ತುಂಬಿದ ವರ್ಷ ಚಿತ್ರದುರ್ಗದ ಬಣ್ಣ ನೋಡುವ ಮೊದಲು ಚಿಕ್ಕಮಗಳೂರಿನ ಬಣ್ಣ ನೋಡಿ.

ಚಳಿಗಾಲದ ಅಪಾಯಕ್ಕೆ ಸದ್ದಿಲ್ಲ. ನವೆಂಬರಿನಿಂದ ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಅದರ ಮೇಲೆ ಬೆಚ್ಚಗಿನ ಪದರವೊಂದು ಪಾತ್ರೆಯ ಮುಚ್ಚಳದಂತೆ ಕೂರುತ್ತದೆ. ಗುಡ್ಡದ ಮೇಲಿನ ತಂಗಾಳಿ ಇಳಿಜಾರಿನಲ್ಲಿ ಜಾರಿ ಎಲ್ಲಕ್ಕಿಂತ ತಗ್ಗಿನ ಜಾಗಕ್ಕೆ, ಅಂದರೆ ಕೆರೆಯಂಗಳಕ್ಕೆ, ಬಂದು ಸೇರುತ್ತದೆ. ನೀರಿನ ತೇವವೂ ಕೂಡಿ ಮಂಜು ಕಟ್ಟುತ್ತದೆ. ಇದು ಪ್ರಕೃತಿಯ ಪಾಲು. ನಮ್ಮ ಪಾಲಿನದು ಹೊಗೆ.

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ ರಸ್ತೆಯ ಪಕ್ಕ ಸಿಪ್ಪೆಯ ಗುಡ್ಡೆಗಳು ಏಳುತ್ತವೆ. ಯಾರೋ ಬೆಂಕಿ ಇಡುತ್ತಾರೆ. ಒದ್ದೆ ಸಿಪ್ಪೆ ಧಗಧಗನೆ ಉರಿಯುವುದಿಲ್ಲ. ದಿನಗಟ್ಟಲೆ ಒಳಗೊಳಗೇ ಕನಲುತ್ತದೆ. ಹೀಗೆ ಕನಲುವ ಬೆಂಕಿಯೇ ಹೆಚ್ಚು ಕೆಟ್ಟದ್ದು, ಅರೆಬೆಂದ ಹೊಗೆಯಲ್ಲಿ ಸೂಕ್ಷ್ಮ ಕಣಗಳು ವಿಪರೀತ. ಅದರ ಜೊತೆಗೆ ಕೊಯ್ಲಾದ ಗದ್ದೆಯ ಹುಲ್ಲಿನ ಹೊಗೆ, ಊರೊಳಗೆ ಮಂಡಕ್ಕಿ ಭಟ್ಟಿಗಳ ಹೊಗೆ. ಎಲ್ಲವೂ ಆ ಮುಚ್ಚಳದಡಿ. ಹೊಗೆಯ ಕಣಗಳ ಮೇಲೆಯೇ ಮಂಜಿನ ಹನಿ ಕಟ್ಟುವುದರಿಂದ ಮಂಜು ಇನ್ನಷ್ಟು ದಟ್ಟವಾಗುತ್ತದೆ, ತಡವಾಗಿ ಕರಗುತ್ತದೆ. ನಸುಕಿನಲ್ಲಿ ರಸ್ತೆಗೆ ಅಡ್ಡವಾಗಿ ಮಲಗಿರುವ ಆ ಬಿಳಿ ಪಟ್ಟಿಯೊಳಗೆ ಬೈಕ್ ನುಗ್ಗಿಸುವವರು ಮಂಜು, ಹೊಗೆ ಎರಡನ್ನೂ ಒಟ್ಟಿಗೆ ನುಂಗುತ್ತಾರೆ.

ಈಗ ಆ 24 ಗಂಟೆಯ ಸರಾಸರಿಗೆ ಬನ್ನಿ. ಒಂದು ಊರಿನಲ್ಲಿ ಬೆಳಗಿನ ನಾಲ್ಕು ಗಂಟೆ ಕಾಲ ಪಿಎಂ 2.5, ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣಗಳು, ಘನ ಮೀಟರಿಗೆ 180 ಮೈಕ್ರೋಗ್ರಾಂ, ಉಳಿದ ಇಪ್ಪತ್ತು ಗಂಟೆ ಬರೀ 30 ಇದ್ದವು ಎಂದುಕೊಳ್ಳಿ. ಸರಾಸರಿ 55. ಸೂಚ್ಯಂಕದಲ್ಲಿ ಅದು 90ರ ಆಸುಪಾಸು, ಅಂದರೆ 'ತೃಪ್ತಿಕರ', ತಿಳಿ ಹಸಿರು. ಆ ನಾಲ್ಕು ಗಂಟೆಯಲ್ಲೇ ಹಾಲು ಕರೆದು, ಡೇರಿಗೆ ಹಾಕಿ, ಗದ್ದೆಗೆ ನೀರು ಕಟ್ಟಿ ಬಂದವರಿಗೆ ಯಾವ ತೃಪ್ತಿ? ಮೇಲಾಗಿ ಮಾಪಕ ಇರುವುದು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ಸೂಳೆಕೆರೆ ಅಲ್ಲಿಂದ 35 ಕಿಲೋಮೀಟರಿಗಿಂತ ದೂರ.

ಮಾಪಕ ಹತ್ತಿರ ಇರುವವರೂ ಜಾಣರಾಗಿಲ್ಲ. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಆರಂಭವಾದಾಗ ಪಟ್ಟಿಗೆ ಸೇರಿದ ಕರ್ನಾಟಕದ ನಾಲ್ಕು ನಗರಗಳಲ್ಲಿ ದಾವಣಗೆರೆಯೂ ಒಂದು. ಆದರೂ ಕುಂದವಾಡ ಕೆರೆಯ ಸುತ್ತ ಚಳಿಗಾಲದಲ್ಲಿ ಐದೂವರೆಗೇ ವಾಯುವಿಹಾರ ಶುರು. ಶುದ್ಧ ಗಾಳಿಗಾಗಿ ದಿನದ ಅತಿ ಕೆಟ್ಟ ಹೊತ್ತನ್ನೇ ಆರಿಸಿಕೊಳ್ಳುವ ಶಿಸ್ತಿಗೆ ಏನೆನ್ನಬೇಕು! ಬಿಸಿಲೇರಿ ಮಂಜು ಚದುರಿತು ಎಂದರೆ ಮುಚ್ಚಳವೂ ಸಡಿಲವಾಯಿತು ಎಂದು ತಿಳಿಯಬಹುದು. ಡಿಸೆಂಬರ್, ಜನವರಿಯಲ್ಲಿ ಎಂಟೂವರೆಯ ಮೇಲೆ ನಡೆಯಿರಿ. ದಮ್ಮು ಇರುವವರಂತೂ ಖಂಡಿತ.

ಫೋನಿನಲ್ಲಿ ಎರಡು ಆ್ಯಪ್ ಎರಡು ಸಂಖ್ಯೆ ತೋರಿಸುತ್ತವೆ ಎಂದು ಕೆಲವರು ದೂರುತ್ತಾರೆ. ಎರಡೂ ಸುಳ್ಳಲ್ಲ. 60 ಮೈಕ್ರೋಗ್ರಾಂ ಪಿಎಂ 2.5 ನಮ್ಮ ಸೂಚ್ಯಂಕದಲ್ಲಿ 100, ಅಮೆರಿಕದ ಸೂಚ್ಯಂಕದಲ್ಲಿ 150 ದಾಟುತ್ತದೆ. ಸಂಖ್ಯೆ ಬಿಟ್ಟು ಮೈಕ್ರೋಗ್ರಾಂ ನೋಡಿ. ಗಂಟೆ ಗಂಟೆಯ ಮೌಲ್ಯ ಸಿಕ್ಕರೆ ಇನ್ನೂ ಒಳ್ಳೆಯದು.

ಆ ಫೋನಿನ ನಂತರ ನನ್ನ ಸಂದೇಶಗಳಲ್ಲಿ ಬಣ್ಣದ ಹೆಸರು ಕೊನೆಗೆ ಹೋಗಿದೆ. ಮೊದಲು ಹೊತ್ತು, ಆಮೇಲೆ ಕೆಲಸ. 'ಇಂದು ಮಧ್ಯಾಹ್ನ 3ರಿಂದ 7: ಗಾಳಿ, ಸಿಡಿಲು. ತೆಪ್ಪ ಇಳಿಸಬೇಡಿ.' 'ನಾಳೆ ನಸುಕು 5ರಿಂದ 8: ಮಂಜು, ಹೊಗೆ. ಉಬ್ಬಸದವರು ಹೊರಗೆ ಬರಬೇಡಿ, ಸಿಪ್ಪೆಗೆ ಬೆಂಕಿ ಇಡಬೇಡಿ.' ಮೊದಲ ದಿನವೇ ಅದೇ ರೈತರ ಫೋನ್ ಬಂತು. "ಎಲ್ಲ ಅರ್ಥವಾಯಿತು ಸರ್. ಅಡಿಕೆಯದೊಂದು ಹೇಳಲೇ ಇಲ್ಲವಲ್ಲ, ಎತ್ತಿಡಲೋ ಬೇಡವೋ?"