ಹೆಲಿಕಾಪ್ಟರ್ ಕಲಿಯೋಕೆ ಹೊರಟಿದ್ದೇನೆ, ಫ್ಲೈಟ್ ಸೂಟ್ ಬೇಕಾ?

ಪ್ರಶ್ನೆ: ಹೆಲಿಕಾಪ್ಟರ್ ಪೈಲಟ್ ತರಬೇತಿಗೆ ಸೇರುತ್ತಿದ್ದೇನೆ. ಏರ್‌ಫೋರ್ಸ್‌ನವರು ಹಾಕೋ ಥರದ, ಶರ್ಟು ಪ್ಯಾಂಟು ಒಂದೇ ಆಗಿ ಹೊಲಿದಿರೋ ಹಸಿರು ಫ್ಲೈಟ್ ಸೂಟ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ. ಆದರೆ ಮಂತ್ರಿಗಳನ್ನು ಕರೆದುಕೊಂಡು ಹೋಗೋ ಪೈಲಟ್‌ಗಳು ಬಿಳಿ ಶರ್ಟು, ಕಪ್ಪು ಪ್ಯಾಂಟಿನಲ್ಲೇ ಇರುತ್ತಾರೆ. ನಿಜಕ್ಕೂ ಸೂಟ್ ಬೇಕಾ? ಬೇಕಿದ್ದರೆ ಯಾವುದು ತಗೊಳ್ಳಲಿ?

ಉತ್ತರ: ಬೇಕು. ಆದರೆ ನೀವು ನೋಡಿಟ್ಟಿರೋ ಆ ಅಗ್ಗದ ಸೂಟ್ ಬೇಡ. ಅದಕ್ಕಿಂತ ಮಾಮೂಲಿ ಹತ್ತಿ ಪ್ಯಾಂಟು, ಉದ್ದ ತೋಳಿನ ಹತ್ತಿ ಶರ್ಟೇ ವಾಸಿ. ಯಾಕೆ ಅಂತ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಫೈಟರ್ ಪೈಲಟ್‌ಗಳು ಕಾಲಿಗೂ ಹೊಟ್ಟೆಗೂ ಕಟ್ಟಿಕೊಳ್ಳೋ, ಗಾಳಿ ತುಂಬಿ ಬಿಗಿಯಾಗೋ ಜಿ-ಸೂಟ್ ಬೇರೆ. ಜೋರಾಗಿ ತಿರುಗುವಾಗ ರಕ್ತವೆಲ್ಲ ಕಾಲಿಗೆ ಇಳಿದು ಕಣ್ಣು ಕತ್ತಲೆ ಬರದಿರಲಿ ಅಂತ ಅದು. ಹೆಲಿಕಾಪ್ಟರ್‌ನಲ್ಲಿ ಅದಕ್ಕೆ ಕೆಲಸವಿಲ್ಲ. ನಮ್ಮ ಸೂಟ್ ಇರೋದು ಬೆಂಕಿಗೆ.

ಹೆಲಿಕಾಪ್ಟರ್ ಎಷ್ಟೋ ಸಲ ಬೀಳೋದು ಕಡಿಮೆ ಎತ್ತರದಿಂದ. ಬಿದ್ದ ಪೆಟ್ಟಿಗೆ ಒಳಗಿದ್ದವರು ಬದುಕಿರುತ್ತಾರೆ, ಅಷ್ಟರಲ್ಲಿ ಟ್ಯಾಂಕ್ ಒಡೆದು ಇಂಧನಕ್ಕೆ ಕಿಡಿ ತಾಗುತ್ತದೆ. 2015ರ ಜುಲೈನಲ್ಲಿ ಅಮೆರಿಕದ ಕೊಲರಾಡೋದಲ್ಲಿ ಆಗಿದ್ದು ಹೀಗೇ. ಫ್ರಿಸ್ಕೊ ಊರಿನ ಆಸ್ಪತ್ರೆ ಹತ್ತಿರದಿಂದ ಮೇಲೆದ್ದ ಏರ್ ಆಂಬುಲೆನ್ಸ್ ಒಂದು, ಸುಮಾರು ನೂರು ಅಡಿ ಏರೋದರೊಳಗೆ ಗಿರಗಿರ ತಿರುಗಿ ಪಾರ್ಕಿಂಗ್ ಜಾಗದಲ್ಲಿ ಬಿತ್ತು. ಅಲ್ಲಿನ ಕ್ಯಾಮೆರಾದಲ್ಲಿ ಇಂಧನ ನೆಲದ ಮೇಲೆ ಹರಿಯೋದು, ಕೆಲವೇ ಸೆಕೆಂಡಿನಲ್ಲಿ ಬೆಂಕಿ ಹತ್ತೋದು ಎರಡೂ ಕಾಣುತ್ತದೆ. ಪೈಲಟ್ ತೀರಿಕೊಂಡರು, ಇಬ್ಬರು ನರ್ಸ್‌ಗಳಿಗೆ ತುಂಬಾ ಪೆಟ್ಟಾಯಿತು. ಅಪಘಾತದಲ್ಲಿ ಒಡೆಯದ ಟ್ಯಾಂಕ್ ಇರಬೇಕು ಅನ್ನೋ ನಿಯಮ ಅಮೆರಿಕದಲ್ಲಿ 1994ರಿಂದಲೇ ಇತ್ತು. ಆದರೆ ಅದು ಹೊಸ ವಿನ್ಯಾಸಗಳಿಗೆ ಮಾತ್ರ. ಹಳೇ ವಿನ್ಯಾಸದ ಹೆಲಿಕಾಪ್ಟರನ್ನು ಹೊಸದಾಗಿ ತಯಾರಿಸಿ ಮಾರಿದರೂ ಹಳೇ ಟ್ಯಾಂಕೇ ನಡೆಯುತ್ತಿತ್ತು! 2018ರ ಕಾನೂನು ಬಂದ ಮೇಲೆ, 2020ರ ಏಪ್ರಿಲ್‌ನಿಂದ ತಯಾರಾಗೋ ಹೆಲಿಕಾಪ್ಟರ್‌ಗಳಿಗೆ ಅದು ಕಡ್ಡಾಯವಾಯಿತು. ಅದಕ್ಕಿಂತ ಹಳೆಯವು ಈಗಲೂ ಹಾರುತ್ತಿವೆ.

ಹಾಗಾಗಿ ಬಟ್ಟೆ ಅಂಗಡಿಗೆ ಹೋಗೋ ಮೊದಲು ನಿಮ್ಮ ಇನ್‌ಸ್ಟ್ರಕ್ಟರನ್ನು ಒಂದು ಮಾತು ಕೇಳಿ: "ಸರ್, ನಾವು ಹಾರಿಸೋ ಹೆಲಿಕಾಪ್ಟರ್‌ನ ಟ್ಯಾಂಕ್ ಯಾವ ಥರದ್ದು?" ರಾಬಿನ್ಸನ್ ಆರ್-44 ಆದರೆ, ಹಳೇ ಅಲ್ಯೂಮಿನಿಯಂ ಟ್ಯಾಂಕ್ ತೆಗೆದು ಒಳಗೆ ರಬ್ಬರಿನಂಥ ಚೀಲ ಇರೋ ಟ್ಯಾಂಕ್ ಹಾಕಿಸಿ ಅಂತ ಕಂಪನಿಯೇ 2013ರ ಗಡುವು ಕೊಟ್ಟಿತ್ತು. ಅದರಲ್ಲಿ ತುಂಬೋದು ಏವಿಯೇಷನ್ ಪೆಟ್ರೋಲ್, ಎಂಥಾ ಚಳಿಯಲ್ಲೂ ಕಿಡಿಗೆ ಕಾಯುತ್ತಿರುತ್ತದೆ. ಟರ್ಬೈನ್ ಹೆಲಿಕಾಪ್ಟರ್‌ಗೆ ಹಾಕೋ, ಸೀಮೆಎಣ್ಣೆ ಥರದ ಜೆಟ್ ಎ-1 ಇಂಧನ ಸ್ವಲ್ಪ ಸಮಾಧಾನಿ, ಅದು ಹೊತ್ತಿಕೊಳ್ಳೋಕೆ ಸಾಮಾನ್ಯವಾಗಿ ಕನಿಷ್ಠ 38 ಡಿಗ್ರಿ ಬಿಸಿಯಾಗಬೇಕು. ಬಿಸಿ ಎಂಜಿನ್ ಪಕ್ಕದಲ್ಲಿ 38 ಏನು ಮಹಾ, ಅಲ್ವಾ?

ಈಗ ಬಟ್ಟೆಗೆ ಬರೋಣ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿಗೆ ಕರಗುತ್ತದೆ, ನೈಲಾನ್ ಕೂಡ ಆಸುಪಾಸಿನಲ್ಲೇ. ಕರಗಿದ್ದು ಕೆಳಗೆ ಬೀಳೋದಿಲ್ಲ, ಚರ್ಮಕ್ಕೆ ಅಂಟಿ ಅಲ್ಲೇ ಸುಡುತ್ತದೆ. ಆಮೇಲೆ ಅದನ್ನು ಬಿಡಿಸೋದು ಡಾಕ್ಟರಿಗೂ ಕಷ್ಟ, ನಿಮಗಂತೂ ಕೇಳಲೇಬೇಡಿ. ಹತ್ತಿ ಉರಿಯುತ್ತದೆ, ಆದರೆ ಕರಗೋದಿಲ್ಲ. ನೋಮೆಕ್ಸ್ ಅನ್ನೋ ನೂಲು ಕರಗೋದೂ ಇಲ್ಲ, ಬೆಂಕಿಯಿಂದ ಆಚೆ ತಂದರೆ ತಾನಾಗೇ ಆರುತ್ತದೆ. ಸುಮಾರು 370 ಡಿಗ್ರಿ ದಾಟಿದ ಮೇಲೆ ಕರಕಲಾಗಿ ದಪ್ಪಗಾಗುತ್ತದೆ, ಆ ದಪ್ಪವೇ ಸ್ವಲ್ಪ ಹೊತ್ತು ಶಾಖ ತಡೆಯುತ್ತದೆ. 1960ರ ದಶಕದಲ್ಲಿ ಡುಪಾಂಟ್ ಕಂಪನಿ ತಂದದ್ದು ಇದು. ಸೂಟ್‌ಗಳಿಗೆ ಬಳಸೋ ನೋಮೆಕ್ಸ್ 3-ಎ ಬಟ್ಟೆಯಲ್ಲಿ 93 ಭಾಗ ನೋಮೆಕ್ಸ್, 5 ಭಾಗ ಕೆವ್ಲಾರ್ ಅನ್ನೋ ಗಟ್ಟಿ ನೂಲು, 2 ಭಾಗ ಸ್ಟ್ಯಾಟಿಕ್ ಕಿಡಿ ಆಗದಂತೆ ತಡೆಯೋ ಕಾರ್ಬನ್ ಎಳೆ.

ಇನ್ನೊಂದು ದಾರಿ, ಬೆಂಕಿ ತಡೆಯೋ ರಾಸಾಯನಿಕ ಹಾಕಿದ ಹತ್ತಿ. ಬೆಲೆ ಕಡಿಮೆ, ಬೆವರಿಗೂ ಹಿತ. ಆದರೆ ಬ್ಲೀಚ್ ಹಾಕಿ ಒಗೆದರೆ ಆ ಗುಣವೇ ಹೋಗಬಹುದು. ತರಬೇತಿ ಹುಡುಗರಿಗೆ ಇದೂ ಸಾಕು ಅನ್ನೋದು ನನ್ನ ಅಭಿಪ್ರಾಯ.

ಯಾವ ಸೂಟ್ ಆದರೂ ಬೆಂಕಿಯಲ್ಲಿ ನಡೆದಾಡೋಕೆ ಅಲ್ಲ. ಕಾರ್ಖಾನೆಗಳ ಬೆಂಕಿ ನಿರೋಧಕ ಬಟ್ಟೆಯ ಅಮೆರಿಕನ್ ಮಾನದಂಡದಲ್ಲಿ, ಗೊಂಬೆಗೆ ಬಟ್ಟೆ ತೊಡಿಸಿ ಬೆಂಕಿಯಲ್ಲಿ ಇಡೋದು ಬರೀ 3 ಸೆಕೆಂಡ್. ಅದರಲ್ಲೂ ಮೈಯ ಅರ್ಧದವರೆಗೆ ಸುಟ್ಟ ಗಾಯದ ಲೆಕ್ಕ ಬಂದರೂ ಪಾಸು. ನೀವು ದುಡ್ಡು ಕೊಡೋದು ಬೆಲ್ಟ್ ಬಿಚ್ಚಿ, ಬಾಗಿಲು ತಳ್ಳಿ, ಹೊರಗೆ ಓಡೋಕೆ ಬೇಕಾದ ಆ ಸೆಕೆಂಡುಗಳಿಗೆ.

ಆನ್‌ಲೈನ್‌ನ ಅಗ್ಗದ "ಫ್ಲೈಟ್ ಸೂಟ್" ಬಹುಪಾಲು ನಮ್ಮ ಹಳೇ ಟೆರಿಕಾಟ್ ಬಟ್ಟೆಯೇ, ಪಾಲಿಯೆಸ್ಟರ್ ಹತ್ತಿ ಬೆರಕೆ. ಫ್ಯಾನ್ಸಿ ಡ್ರೆಸ್‌ಗೆ ಸರಿ. ಅನುಮಾನ ಇದ್ದರೆ ಒಳಗಡೆ ಹೊಲಿಗೆ ಪಕ್ಕದ ಬಟ್ಟೆಯಿಂದ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸಿಂಕ್ ಮೇಲೆ ಮೇಣದಬತ್ತಿಗೆ ತಾಗಿಸಿ. ಪಾಲಿಯೆಸ್ಟರ್ ಆದರೆ ಉರಿಯಿಂದ ದೂರಕ್ಕೆ ಮುದುಡಿಕೊಂಡು, ಕರಗಿ, ತುದಿಯಲ್ಲಿ ಗಟ್ಟಿ ಮಣಿ ಆಗುತ್ತದೆ. ಬರೀ ಹತ್ತಿ ಆದರೆ ಕಾಗದ ಸುಟ್ಟ ವಾಸನೆ, ಬೂದಿ. ನೋಮೆಕ್ಸ್ ಉರಿಯಲ್ಲಿದ್ದಾಗ ಕರಕಲಾಗಿ, ಹೊರಗೆ ತೆಗೆದ ತಕ್ಷಣ ಸುಮ್ಮನಾಗುತ್ತದೆ. ಹೊಲಿಗೆಯ ದಾರವನ್ನೂ ಇದೇ ಥರ ನೋಡಿ. ಬಟ್ಟೆ ನೋಮೆಕ್ಸ್, ದಾರ ಪಾಲಿಯೆಸ್ಟರ್ ಆದರೆ ಬಿಸಿಗೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಕಾಲು ಉದ್ದ ಆಯ್ತು ಅಂತ ಗಲ್ಲಿ ಟೈಲರ್ ಹತ್ತಿರ ಮಡಿಚಿ ಹೊಲಿಸೋರು ಇದನ್ನು ಯೋಚನೆಯೇ ಮಾಡೋದಿಲ್ಲ. ಎದೆ ಮೇಲೆ ದೊಡ್ಡ ಪ್ಯಾಚುಗಳನ್ನು ಸಾಲಾಗಿ ಅಂಟಿಸಿಕೊಳ್ಳೋರೂ ಅಷ್ಟೇ, ಆ ಕಸೂತಿ ಎಷ್ಟೋ ಸಲ ಪಾಲಿಯೆಸ್ಟರ್ ದಾರದ್ದು.

ಎಲ್ಲಕ್ಕಿಂತ ಜಾಸ್ತಿ ಜನ ಎಡವೋದು ಒಳಬಟ್ಟೆಯಲ್ಲಿ. ದುಬಾರಿ ನೋಮೆಕ್ಸ್ ಸೂಟ್ ಹಾಕಿ, ಸೆಕೆ ಅಂತ ಒಳಗೆ ಜಿಮ್ ಟೀ ಶರ್ಟ್ ಹಾಕಿರುತ್ತಾರೆ, ಬೆವರು ಬೇಗ ಒಣಗುತ್ತೆ ಅಂತ. ಆ ಟೀ ಶರ್ಟ್ ಅಪ್ಪಟ ಪಾಲಿಯೆಸ್ಟರ್! ಹೊರಗಿನ ಬಟ್ಟೆಗೆ ಬೆಂಕಿ ಹತ್ತದೇ ಇದ್ದರೂ ಶಾಖ ಒಳಗೆ ಬರುತ್ತದಲ್ಲ, ಒಳಗಿನದು ಮೈಮೇಲೇ ಕರಗುತ್ತದೆ. ಅಜ್ಜ ಹಾಕುತ್ತಿದ್ದ ಥರದ ಬಿಳಿ ಹತ್ತಿ ಬನಿಯನ್ ಇದಕ್ಕಿಂತ ಸಾವಿರ ಪಾಲು ಮೇಲು, ಅರ್ಧ ತೋಳಿನದಾದರೆ ಇನ್ನೂ ಒಳ್ಳೆಯದು. ಚಡ್ಡಿ, ಬ್ರಾ, ಸಾಕ್ಸ್ ಎಲ್ಲದರ ಲೇಬಲ್ ಓದಿ. ಎಲಾಸ್ಟಿಕ್ ಪೂರ್ತಿ ತಪ್ಪಿಸೋಕೆ ಆಗಲ್ಲ, ಕಡಿಮೆ ಮಾಡಬಹುದು. ಕೇದಾರನಾಥದ ಕಡೆ ಕೆಲಸ ಸಿಕ್ಕಿ ಚಳಿಗೆ ಥರ್ಮಲ್ ಬೇಕಾದರೆ ಉಣ್ಣೆಯದ್ದು ತಗೊಳ್ಳಿ.

ಅಳತೆ ಸ್ವಲ್ಪ ಸಡಿಲವೇ ಇರಲಿ. ಬಟ್ಟೆಗೂ ಮೈಗೂ ನಡುವಿನ ಗಾಳಿಯೂ ಶಾಖ ತಡೆಯುತ್ತದೆ, ಮೈಗಂಟಿದ ಸೂಟ್ ಫೋಟೋಗೆ ಮಾತ್ರ ಚೆಂದ. ತಗೊಳ್ಳುವಾಗ ನಿಂತು ನೋಡಬೇಡಿ, ಕುರ್ಚಿಯಲ್ಲಿ ಕೂತು ಕೈ ಎರಡೂ ಮುಂದೆ ಚಾಚಿ ನೋಡಿ. ಮಣಿಕಟ್ಟು, ಹಿಮ್ಮಡಿ ಮೇಲಿನ ಚರ್ಮ ಕಂಡರೆ ಅದು ಚಿಕ್ಕದಾಯಿತು. ತೋಳು ಮಡಚಿ ಹಾರಿಸೋದು ಸ್ಟೈಲು ಅನ್ಕೊಂಡಿದ್ದರೆ ಬಿಟ್ಟುಬಿಡಿ. ಗ್ಲೌಸ್‌ನ ತುದಿ ತೋಳಿನೊಳಗೆ ಸೇರಿಕೊಳ್ಳಲಿ, ನಡುವೆ ಖಾಲಿ ಜಾಗ ಬೇಡ. ಅಂಗೈ ಕಡೆ ತೆಳು ಚರ್ಮ, ಹಿಂಬದಿ ನೋಮೆಕ್ಸ್ ಇರೋ ಗ್ಲೌಸ್ ಈ ಕೆಲಸಕ್ಕೆಂದೇ ಬರುತ್ತವೆ. ಕೈ ಸುಟ್ಟರೆ ಬೆಲ್ಟ್ ಬಿಚ್ಚೋರು ಯಾರು? ಶೂ ಪೂರ್ತಿ ಚರ್ಮದ್ದು, ಪಾದದ ಗಂಟು ಮುಚ್ಚೋ ಎತ್ತರದ್ದು. ಬದಿಗೆ ನೈಲಾನ್ ಬಲೆ ಇರೋ ಟ್ರೆಕ್ಕಿಂಗ್ ಶೂ ಬೇಡ. ಜೇಬುಗಳಿಗೆ ಜಿಪ್ ಇರಬೇಕು, ಜಾರಿದ ಪೆನ್ನೊಂದು ಪೆಡಲ್ ಸಂದಿಗೆ ಹೋದರೆ ಆಗೋ ಕಥೆ ಬೇರೆ.

ಒಗೆಯೋದು ಸುಲಭ. ಬ್ಲೀಚ್ ಬೇಡ, ಗಂಜಿ ಬೇಡ, ಕಂಫರ್ಟ್ ಥರದ ಸಾಫ್ಟ್‌ನರ್ ಬೇಡ, ಅದರ ಜಿಡ್ಡು ಬಟ್ಟೆಯಲ್ಲಿ ಉಳಿದು ಉರಿಯುತ್ತದೆ. ಇಂಧನ ಚೆಲ್ಲಿಕೊಂಡ ಸೂಟನ್ನು ಒಗೆಯದೇ ಮತ್ತೆ ಹಾಕಬೇಡಿ. ಬಣ್ಣದ ವಿಷಯಕ್ಕೆ, ಹಸಿರು ಬಿಟ್ಟು ನೀಲಿಯೋ ಬೂದಿಯೋ ತಗೊಂಡರೆ ಸೇನೆಯವರೇ ಅಂತ ಯಾರೂ ತಪ್ಪು ತಿಳಿಯೋದಿಲ್ಲ.

ಸಮುದ್ರದ ಕೆಲಸ ಬೇರೆ ಲೆಕ್ಕ. ಯುರೋಪಿನ ನಿಯಮದಲ್ಲಿ, ಕಡಲಾಚೆ ಎಣ್ಣೆ ಬಾವಿಗಳಿಗೆ ಹಾರುವಾಗ ನೀರು 10 ಡಿಗ್ರಿಗಿಂತ ತಣ್ಣಗಿದ್ದರೆ ಪೈಲಟ್‌ಗಳು ನೀರು ಒಳಹೋಗದ ಸೂಟ್ ಹಾಕಲೇಬೇಕು. ಮುಂಬೈ ಆಚೆ ಸಮುದ್ರದಲ್ಲಿ ಎಣ್ಣೆ ಬಾವಿಗಳಿರೋ ನಮ್ಮ ಬಾಂಬೆ ಹೈ ಕಡೆ ನೀರು ಬೆಚ್ಚಗಿದೆ, ಅಲ್ಲಿ ಮುಖ್ಯ ಲೈಫ್ ಜಾಕೆಟ್.

ಬಿಳಿ ಶರ್ಟಿನ ಪೈಲಟ್‌ಗಳ ಬಗ್ಗೆ ಕೇಳಿದ್ದಿರಿ. ಅದು ಕಂಪನಿ ಸಮವಸ್ತ್ರ, ಪ್ರಯಾಣಿಕರ ಕಣ್ಣಿಗೆ ಏರ್‌ಲೈನ್ ಥರ ಕಾಣಲಿ ಅಂತ. ಬೆಂಕಿಗೇನೂ ಅವರ ಹೆಗಲ ಮೇಲಿನ ಪಟ್ಟಿ ಕಾಣೋದಿಲ್ಲ. ನಾಳೆ ನೀವೂ ಅಂಥ ಕೆಲಸಕ್ಕೆ ಸೇರಿ ಅದನ್ನೇ ಹಾಕಬೇಕಾಗಿ ಬಂದರೆ, ಪೂರ್ತಿ ಹತ್ತಿಯದ್ದು ಹೊಲಿಸಿಕೊಳ್ಳಿ, ನೋಡೋಕೆ ವ್ಯತ್ಯಾಸ ಗೊತ್ತಾಗಲ್ಲ.

ದುಡ್ಡು ಒಟ್ಟಿಗೆ ಹೊಂದದಿದ್ದರೆ ಹತ್ತಿ ಒಳಬಟ್ಟೆ ಮತ್ತು ಚರ್ಮದ ಶೂ ಇವತ್ತೇ ಆಗಲಿ, ಆಮೇಲೆ ಗ್ಲೌಸ್. ಸೂಟಿಗೂ ಒಳ್ಳೇ ಹೆಲ್ಮೆಟ್‌ಗೂ ನಡುವೆ ಒಂದನ್ನೇ ಆರಿಸಬೇಕಾದರೆ ಹೆಲ್ಮೆಟ್ ತಗೊಳ್ಳಿ. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದರೆ ಯಾವ ಸೂಟ್ ಹಾಕಿದ್ದರೂ ಹೊರಗೆ ಬರೋಕೆ ಆಗಲ್ಲ.